2147483647: ಆಯ್ಲರ್ ಸಾಧಿಸಿದ ಅವಿಭಾಜ್ಯ, ಗಣಕಯಂತ್ರದ ಗಡಿ

ಹತ್ತು ಅಂಕಿಗಳ 2147483647 ಎಂಬ ಸಂಖ್ಯೆಯನ್ನು 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವ ಸಂಖ್ಯೆಯೂ ನಿಶ್ಶೇಷವಾಗಿ ಭಾಗಿಸದು. ಅರ್ಥಾತ್, ಇದು ಅವಿಭಾಜ್ಯ ಸಂಖ್ಯೆ. ಒಂದು ಕಾಲದಲ್ಲಿ ಗಣಿತಜ್ಞರು ಬಲ್ಲ ಅತಿ ದೊಡ್ಡ ಅವಿಭಾಜ್ಯವಾಗಿದ್ದ ಇದು, ಇಂದು ಹಳೆಯ ಗಣಕಯಂತ್ರಗಳಿಗೆ ಗಡುವು ವಿಧಿಸಿದೆ.

ಸ್ವರೂಪ
2ರ 31ನೇ ಘಾತದಿಂದ 1 ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಈ ಬಗೆಯ ಅವಿಭಾಜ್ಯಗಳಿಗೆ ಫ್ರಾನ್ಸ್‌ನ ಪಾದ್ರಿ ಮಾರಿನ್ ಮರ್ಸೆನ್ ಅವರ ಹೆಸರಿದೆ. 1644ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ 31ನೇ ಘಾತವೂ ಸೇರಿತ್ತು. ಆದರೆ ಅದೇ ಪಟ್ಟಿಯ 67 ಮತ್ತು 257ನೇ ಘಾತಗಳು ತಪ್ಪೆಂದು ಮುಂದೆ ಸಿದ್ಧವಾಯಿತು.

ಆಯ್ಲರ್ ಸಾಧನೆ
ಇದು ಅವಿಭಾಜ್ಯವೆಂದು 1772ರಲ್ಲಿ ಸಾಧಿಸಿ ತೋರಿಸಿದವರು ಸ್ವಿಟ್ಜರ್ಲೆಂಡ್ ಮೂಲದ ಲಿಯೊನಾರ್ಡ್ ಆಯ್ಲರ್. ಆ ವೇಳೆಗೆ ಅವರ ದೃಷ್ಟಿ ಬಹುಪಾಲು ನಷ್ಟವಾಗಿತ್ತು. ಸಂಖ್ಯೆಯ ವರ್ಗಮೂಲ 46,340ಕ್ಕೆ ಸಮೀಪವಿರುವುದರಿಂದ ಅಲ್ಲಿಯವರೆಗಿನ ಭಾಜಕಗಳನ್ನು ಪರೀಕ್ಷಿಸಿದರೆ ಸಾಕು. ಭಾಜಕವೊಂದು ಇದ್ದುದೇ ಆದಲ್ಲಿ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು. ಈ ನಿಯಮದಿಂದಾಗಿ ಪರೀಕ್ಷಿಸಬೇಕಾದ ಸಂಖ್ಯೆಗಳು ನಾಲ್ಕು ನೂರಕ್ಕಿಂತ ಕಡಿಮೆಯಾದವು. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ. ಮುಂದೆ ಹಲವು ದಶಕಗಳವರೆಗೂ ಈ ದಾಖಲೆ ಉಳಿದಿತ್ತು.

ಪರಿಪೂರ್ಣ ಸಂಖ್ಯೆಯ ನಂಟು
6ರ ಭಾಜಕಗಳಾದ 1, 2, 3ನ್ನು ಕೂಡಿದರೆ 6 ಬರುತ್ತದೆ. ಇಂಥವು ಪರಿಪೂರ್ಣ ಸಂಖ್ಯೆಗಳು. ನಮ್ಮ ಅವಿಭಾಜ್ಯವನ್ನು 2ರ 30ನೇ ಘಾತದಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ಲಭಿಸುತ್ತದೆ. ಇದರಿಂದ ಪ್ರಯೋಜನವೇನೂ ಇಲ್ಲವಾದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರೆಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಅಭಿಪ್ರಾಯಪಟ್ಟಿದ್ದರು. 2024ರಲ್ಲಿ ಪ್ರಕಟವಾದ ಮರ್ಸೆನ್ ಅವಿಭಾಜ್ಯವೊಂದರಲ್ಲಿ 4,10,24,320 ಅಂಕಿಗಳಿವೆ.

2038ರ ಗಡುವು
ಗಣಕಯಂತ್ರದ 32 ಬಿಟ್‌ಗಳಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಮೀಸಲಿಟ್ಟರೆ ಉಳಿಯುವುದು 31. ಅವುಗಳಲ್ಲಿ ಹಿಡಿಸುವ ಗರಿಷ್ಠ ಮೌಲ್ಯವೇ 2147483647. ಅವಿಭಾಜ್ಯತೆ ಈ ಮಿತಿಗೆ ಕಾರಣವಲ್ಲ. 16 ಬಿಟ್‌ಗಳ ಮಿತಿಯಾದ 32767ನ್ನು 7 ಭಾಗಿಸುತ್ತದೆ. 2014ರಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಈ ಮಿತಿಯನ್ನು ದಾಟಿದ್ದು ಸುದ್ದಿಯಾಗಿತ್ತು.

ಆದರೆ ಕಾಲಗಣನೆಯ ಸಮಸ್ಯೆ ಗಂಭೀರವಾದುದು. ಅನೇಕ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಎಣಿಕೆ 2147483647 ಮುಟ್ಟಲಿದೆ. ಮರುಕ್ಷಣ, 32 ಬಿಟ್ ಎಣಿಕೆಯನ್ನೇ ನೆಚ್ಚಿರುವ ಯಂತ್ರಗಳು 1901ರ ಡಿಸೆಂಬರ್‌ಗೆ ಜಾರುವ ಅಪಾಯವಿದೆ. 64 ಬಿಟ್ ಎಣಿಕೆಗೆ ಬದಲಾದ ವ್ಯವಸ್ಥೆಗಳಿಗೆ ಈ ಭಯವಿಲ್ಲ. ವರ್ಷಗಟ್ಟಲೆ ಬದಲಾಯಿಸದೆ ಬಳಸುವ ಕೈಗಾರಿಕಾ ನಿಯಂತ್ರಕಗಳಂಥ ಸಾಧನಗಳನ್ನು ಮಾತ್ರ ಅದಕ್ಕೆ ಮೊದಲೇ ಪರಿಶೀಲಿಸುವುದು ಅನಿವಾರ್ಯ.