ಜಿಮ್ ಪ್ಲಂಕೆಟ್: ತಂಡ ಬದಲಾದರೆ ಹಣೆಬರಹ ಬದಲಾದೀತೆ?

ಒಂದು ಆಸ್ಥಾನದಲ್ಲಿ ಮೂಲೆಗುಂಪಾದವನು ಇನ್ನೊಂದು ಆಸ್ಥಾನದಲ್ಲಿ ಮೆರೆದ ಕಥೆಗಳನ್ನು ನಾವು ಅರಸರ ಚರಿತ್ರೆಯಲ್ಲಿ ಓದುತ್ತೇವೆ. ಆಟದ ಚರಿತ್ರೆಯಲ್ಲಿಯೂ ಅಂಥವುಗಳಿವೆ. ಇತಿಹಾಸದ ಪಾಠ ಹೇಳಿದ ನನಗೆ ಇವುಗಳಲ್ಲಿ ಬಹಳ ಹಿಡಿಸಿದ್ದು ಅಮೆರಿಕದ ಜಿಮ್ ಪ್ಲಂಕೆಟ್‌ನ ಕಥೆ.

ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಆಕ್ರಮಣದ ಸೂತ್ರಧಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಗೆದ್ದರೆ ಹಾರ ಅವನ ಕೊರಳಿಗೆ, ಸೋತರೆ ದೂರು ಅವನ ತಲೆಗೆ.

ಪ್ಲಂಕೆಟ್ ಹುಟ್ಟಿದ್ದು 1947ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಮೆಕ್ಸಿಕನ್ ಮೂಲದ ಬಡ ಕುಟುಂಬದಲ್ಲಿ. ತಾಯಿ ಕುರುಡಿ, ತಂದೆಯ ದೃಷ್ಟಿಯೂ ಕ್ರಮೇಣ ನಂದುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಡಿ 1970ರಲ್ಲಿ ಕಾಲೇಜು ಆಟಗಾರರ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿಯನ್ನು ಪಡೆದ. 1971ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಕೂಗಲ್ಪಟ್ಟ ಹೆಸರು ಅವನದೇ. ಕರೆದದ್ದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್.

ಆ ತಂಡ ದುರ್ಬಲವಾಗಿತ್ತು. ಅವನನ್ನು ಕಾಯಬೇಕಾದ ಮುಂಚೂಣಿಯ ಆಟಗಾರರು ಎದುರಾಳಿಗಳನ್ನು ತಡೆಯಲಾರದೆ ಹೋದರು. 1972ರಲ್ಲಿ ತಂಡ 14 ಪಂದ್ಯಗಳಲ್ಲಿ ಗೆದ್ದದ್ದು 3. ಅವನ 25 ಎಸೆತಗಳು ಎದುರಾಳಿಗಳ ಕೈಸೇರಿದವು. ಪೆಟ್ಟಿನ ಮೇಲೆ ಪೆಟ್ಟು ತಿಂದು ಮೈ ಜರ್ಝರಿತವಾಯಿತು. 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ, ಅಂದರೆ ತವರಿನ ನೆರೆಗೇ ಬಂದ. ಅಲ್ಲಿಯೂ ಕೈಹಿಡಿಯಲಿಲ್ಲ. 1978ರ ಋತುವಿಗೆ ಮುನ್ನ ಆ ತಂಡ ಅವನನ್ನು ಕೈಬಿಟ್ಟಿತು. ಹೊಸ ತಂಡವೇ ಮದ್ದಾಗಿದ್ದರೆ ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿಯೇ ಗುಣವಾಗಬೇಕಿತ್ತಲ್ಲವೆ?

ಓಕ್ಲೆಂಡ್ ರೇಡರ್ಸ್ ತಂಡ ಅವನನ್ನು ಸೇರಿಸಿಕೊಂಡಿತು, ಆದರೆ ಆಡಿಸಲಿಲ್ಲ. 1978ರಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. 1979ರಲ್ಲಿ ಎಸೆದದ್ದು ಕೇವಲ 15. ಮೈಯ ಗಾಯಗಳು ಮಾಯಲು ಈ ಬಿಡುವು ಒದಗಿತು. 1980ರಲ್ಲಿ ರೇಡರ್ಸ್, ತನ್ನ ಹೆಸರಾಂತ ಕೆನ್ ಸ್ಟೇಬ್ಲರ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು ಡ್ಯಾನ್ ಪಾಸ್ಟರೀನಿಯನ್ನು ತಂದಿತು. ಪ್ಲಂಕೆಟ್‌ಗೆ ಮತ್ತೆ ಬೆಂಚೇ ಗತಿ.

ಐದನೆಯ ಪಂದ್ಯದಲ್ಲಿ ಪಾಸ್ಟರೀನಿಯ ಕಾಲು ಮುರಿಯಿತು. ಕಣಕ್ಕಿಳಿದ ಪ್ಲಂಕೆಟ್‌ನ ಐದು ಎಸೆತಗಳನ್ನು ಎದುರಾಳಿಗಳು ಹಿಡಿದರು, ಪಂದ್ಯ ಸೋತಿತು. ಇನ್ನಾವ ತರಬೇತುದಾರನಾದರೂ ಬೇರೊಬ್ಬನನ್ನು ಹುಡುಕುತ್ತಿದ್ದನೇನೋ. ಟಾಮ್ ಫ್ಲೋರೆಸ್ ಹುಡುಕಲಿಲ್ಲ. ತಾನೂ ಹಿಂದೆ ರೇಡರ್ಸ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವನು ಪ್ಲಂಕೆಟ್‌ನನ್ನೇ ಮುಂದುವರಿಸಿದ. ಉಳಿದ 11 ಪಂದ್ಯಗಳಲ್ಲಿ ತಂಡ 9ನ್ನು ಗೆದ್ದಿತು.

1981ರ ಜನವರಿ 25ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ರೇಡರ್ಸ್ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು 27-10ರಿಂದ ಮಣಿಸಿತು. ಪ್ಲಂಕೆಟ್ 261 ಗಜ ಎಸೆದು, ಮೂರು ಟಚ್‌ಡೌನ್ ಗಳಿಸಿಕೊಟ್ಟು ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ. 1984ರ ಜನವರಿಯಲ್ಲಿ ವಾಷಿಂಗ್ಟನ್ ವಿರುದ್ಧ 38-9ರಿಂದ ಇನ್ನೊಮ್ಮೆ ಗೆಲುವು.

ಈ ಪುನರ್ಜನ್ಮಕ್ಕೆ ಕಾರಣವೇನು? ಅಂಗಿಯ ಬಣ್ಣ ಬದಲಾದದ್ದಂತೂ ಅಲ್ಲ. ರೇಡರ್ಸ್‌ನಲ್ಲಿ ಅವನ ಎಡಬದಿಗೆ ಜೀನ್ ಅಪ್‌ಶಾ, ಆರ್ಟ್ ಶೆಲ್ ಎಂಬ ಇಬ್ಬರು ಕೋಟೆಯಂತೆ ನಿಂತಿದ್ದರು. ಸೂಪರ್ ಬೌಲ್‌ನಲ್ಲಿ ರಾಡ್ ಮಾರ್ಟಿನ್ ಎದುರಾಳಿಯ ಮೂರು ಎಸೆತಗಳನ್ನು ಹಿಡಿದಿದ್ದ. ಎಲ್ಲ ಭಾರವನ್ನೂ ಒಬ್ಬನೇ ಹೊರಬೇಕಾದ ಪ್ರಮೇಯ ಪ್ಲಂಕೆಟ್‌ಗೆ ಇಲ್ಲಿ ಬರಲಿಲ್ಲ. ಅದರ ಮೇಲೆ ಎರಡು ವರ್ಷಗಳ ವಿಶ್ರಾಂತಿ. ಒಂದು ಸೋಲಿಗೆ ಬೆದರದ ಗುರು.

ಆದರೆ ಪಾಸ್ಟರೀನಿಯನ್ನು ಮರೆತರೆ ಚರಿತ್ರೆಗೆ ಅನ್ಯಾಯವಾದೀತು. ಅವನೂ ಅದೇ ಹೊಸ ತಂಡಕ್ಕೆ, ಅದೇ ಆಸೆ ಹೊತ್ತು ಬಂದಿದ್ದ. ಆ ಕೋಟೆ, ಆ ಗುರು ಅವನಿಗೂ ಇದ್ದರು, ಕಾಲವೊಂದು ಕೈಕೊಟ್ಟಿತು. ಹಳೆಯ ಸ್ಥಾನ ಅವನಿಗೆ ಮರಳಿ ದಕ್ಕಲಿಲ್ಲ.

ದಡ್ಡನೆಂಬ ಹಣೆಪಟ್ಟಿ ಹೊತ್ತು ಬೇರೆ ಶಾಲೆಯಿಂದ ಬಂದ ಹುಡುಗರನ್ನು ಕಂಡವನು ನಾನು. ಶಾಲೆ ಬದಲಾದ ಮಾತ್ರಕ್ಕೆ ಯಾರೂ ಜಾಣರಾಗಲಿಲ್ಲ. ಮೊದಲ ಪರೀಕ್ಷೆಯಲ್ಲಿ ಬಿದ್ದಾಗ ಮೇಷ್ಟ್ರು ಏನು ಮಾಡಿದರು ಎಂಬುದರ ಮೇಲೆ ಬಹಳಷ್ಟು ನಿಂತಿತ್ತು.