ಒಂದೇ ಆಟ, ನೂರೆಂಟು ಲಿನಕ್ಸ್

ನಮ್ಮ ಗಾವಡಗೆರೆ ಹೋಬಳಿಯಲ್ಲಾಗಲಿ, ಅಕ್ಕಪಕ್ಕದ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಾಗಲಿ ಹಳ್ಳಿ ಶಾಲೆಯ ಕಂಪ್ಯೂಟರ್ ಕೊಠಡಿಗೆ ಯಂತ್ರಗಳು ಒಂದೇ ಸಲ ಬರುವುದಿಲ್ಲ. ಸರ್ಕಾರದ ಯೋಜನೆಯಲ್ಲಿ ಬಂದವು ಒಂದಿಷ್ಟು, ಕಂಪನಿಗಳು ಬಳಸಿ ಬಿಟ್ಟುಕೊಟ್ಟವು ಒಂದಿಷ್ಟು, ಹಳೆಯ ವಿದ್ಯಾರ್ಥಿಗಳು ತಂದಿಟ್ಟವು ಒಂದೆರಡು. ಒಂದರಲ್ಲಿ ಹಳೆಯ ಉಬುಂಟು, ಇನ್ನೊಂದರಲ್ಲಿ ಡೆಬಿಯನ್, ಮತ್ತೊಂದರಲ್ಲಿ ಯಾರೋ ಹಾಕಿಕೊಟ್ಟ ಮಿಂಟ್. ಎಲ್ಲದರಲ್ಲೂ ಮಕ್ಕಳಿಗೆ ಒಂದೇ ಆಟ ಸಿಗಬೇಕು, ಅದೂ ಕನ್ನಡದಲ್ಲಿ ಸಿಗಬೇಕು ಎಂದರೆ ದೊಡ್ಡ ಆಸೆಯೇನಲ್ಲ. ಆದರೆ ಅದನ್ನು ಈಡೇರಿಸಲು ಮುಕ್ತ ತಂತ್ರಾಂಶದ ಲೋಕ ಸುಮಾರು ಮೂವತ್ತು ವರ್ಷ ದುಡಿದಿದೆ. ಆ ದುಡಿಮೆಯನ್ನು ನಮ್ಮ ಕಡೆಯಿಂದ ನಿಂತು ನೋಡಿದರೆ ಒಂದು ಮಾತು ಹೇಳಲೇಬೇಕು: ಆಟದ ಕಿಟಕಿ ತೆರೆದುಕೊಂಡ ಮಾತ್ರಕ್ಕೆ ಆಟ ಓಡಿತು ಎನ್ನಲಾಗದು. ಅದರಲ್ಲಿ ನಮ್ಮ ಒತ್ತಕ್ಷರ ಸರಿಯಾಗಿ ಕೂತಾಗಲೇ ಅದು ಓಡಿದ ಲೆಕ್ಕ.

ಲಿನಕ್ಸ್ ಎಂದರೆ ಕಟ್ಟುನಿಟ್ಟಾಗಿ ಕರ್ನಲ್ ಮಾತ್ರ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರತಂದದ್ದು ಅಷ್ಟನ್ನೇ. ಅದರ ಮೇಲೆ ಬೇಕಾದ ಲೈಬ್ರರಿ, ಡೆಸ್ಕ್‌ಟಾಪ್, ಫಾಂಟುಗಳನ್ನು ಜೋಡಿಸಿ ಕೊಡುವವು ಡಿಸ್ಟ್ರೊಗಳು. ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎರಡೂ 1993ರಲ್ಲಿ ಹುಟ್ಟಿದವು, ರೆಡ್ ಹ್ಯಾಟ್ ಅವುಗಳ ಬೆನ್ನಿಗೇ ಬಂತು. ಒಂದೊಂದೂ ಆರಿಸಿಕೊಂಡ ಲೈಬ್ರರಿಯ ಆವೃತ್ತಿ ಬೇರೆ, ಕಡತ ಇಡುವ ಜಾಗ ಬೇರೆ. ಲೆಕ್ಕಪತ್ರದ ತಂತ್ರಾಂಶಕ್ಕೆ ಇದು ಅಷ್ಟಾಗಿ ತಟ್ಟುವುದಿಲ್ಲ. ಆಟ ಹಾಗಲ್ಲ, ಅದಕ್ಕೆ ಚಿತ್ರ, ಸದ್ದು, ಕೀಲಿಮಣೆ, ಅಕ್ಷರ ಎಲ್ಲವೂ ಒಟ್ಟಿಗೆ, ತಡವಿಲ್ಲದೆ ಬೇಕು. ಹಾಗಾಗಿ ಡಿಸ್ಟ್ರೊಗಳ ನಡುವಿನ ಬಿರುಕೆಲ್ಲ ಮೊದಲು ಕಾಣುವುದು ಆಟದಲ್ಲೇ.

ಆರಂಭದಲ್ಲಿ ಆಟ ಸಿಗುತ್ತಿದ್ದದ್ದು ಮೂಲ ಕೋಡಿನ ರೂಪದಲ್ಲಿ. ಫ್ರೀಸಿವ್ 1996ರಲ್ಲಿ ಬಂದಾಗ ಅದನ್ನು ಆಡಬೇಕೆಂದವರು ಕಂಪೈಲ್ ಮಾಡಿಕೊಳ್ಳುವುದು ವಾಡಿಕೆಯಾಗಿತ್ತು. ಒಂದು ಲೈಬ್ರರಿ ಇಲ್ಲವೆಂದು ದೂರು ಬರುತ್ತದೆ, ಅದನ್ನು ತಂದರೆ ಅದಕ್ಕೆ ಬೇಕಾದ ಇನ್ನೊಂದು ಇಲ್ಲವೆನ್ನುತ್ತದೆ. ಹಟ ಇದ್ದವರು ಗೆಲ್ಲುತ್ತಿದ್ದರು, ಉಳಿದವರು ಬಿಟ್ಟುಬಿಡುತ್ತಿದ್ದರು.

ಈ ಗೋಜಲಿಗೆ ಮೊದಲ ಗಟ್ಟಿ ಉತ್ತರ ಬಂದದ್ದು 1998ರಲ್ಲಿ, ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಎಂಬ ಲೈಬ್ರರಿಯಿಂದ. ಕೆಳಗಿನ ಸದ್ದಿನ ವ್ಯವಸ್ಥೆ ಒಎಸ್‌ಎಸ್ ಇರಲಿ, ಅಲ್ಸಾ ಇರಲಿ, ಆಟ ಬರೆಯುವವರು ಎಸ್‌ಡಿಎಲ್‌ನೊಂದಿಗೆ ಮಾತಾಡಿದರೆ ಸಾಕು. ಲ್ಯಾಂಟಿಂಗಾ ಲೋಕಿ ಎಂಬ ಕಂಪನಿಯಲ್ಲಿದ್ದರು. ವಿಂಡೋಸ್ ಆಟಗಳನ್ನು ಲಿನಕ್ಸಿಗೆ ತರುತ್ತಿದ್ದ ಆ ಕಂಪನಿ 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಎಸ್‌ಡಿಎಲ್ ಮಾತ್ರ ಮುಕ್ತವಾಗಿದ್ದ ಕಾರಣ ಉಳಿಯಿತು. ಮಕ್ಕಳ ಚಿತ್ರಬರಹದ ಟಕ್ಸ್ ಪೇಂಟ್ 2002ರಲ್ಲಿ, ಬ್ಯಾಟಲ್ ಫಾರ್ ವೆಸ್ನಾತ್ 2003ರಲ್ಲಿ ಇದನ್ನೇ ಆಧರಿಸಿ ಬೆಳೆದವು.

ಎರಡನೆಯ ಉತ್ತರ ಪ್ಯಾಕೇಜು ಕಟ್ಟುವವರದು. ಈ ಚರಿತ್ರೆಯಲ್ಲಿ ಅತಿ ಕಡಿಮೆ ಹೊಗಳಿಕೆ ಪಡೆದವರು ಇವರೇ ಎಂದು ನನ್ನ ಎಣಿಕೆ. ಡೆಬಿಯನ್‌ನಂಥ ಯೋಜನೆಯಲ್ಲಿ ಸ್ವಯಂಸೇವಕರೊಬ್ಬರು ಆಟವನ್ನು ಎತ್ತಿಕೊಂಡು, ತಮ್ಮ ಡಿಸ್ಟ್ರೊದ ಲೈಬ್ರರಿಗಳಿಗೆ ಒಗ್ಗಿಸಿ, ಬೇಕಾದಲ್ಲಿ ತೇಪೆ ಹಾಕಿ, ಅದಕ್ಕೆ ಏನೇನು ಬೇಕೆಂಬ ಪಟ್ಟಿ ಬರೆದಿಡುತ್ತಾರೆ. ಆ ಪಟ್ಟಿ ನಂಬಿಕೊಂಡೇ ಪ್ಯಾಕೇಜು ಹಾಕುವ ಆಪ್ಟ್ ಎಂಬ ಸಾಧನ ಒಂದು ಆಜ್ಞೆಗೆ ಎಲ್ಲವನ್ನೂ ತಂದು ಹಾಕುವುದು. ಲೈಬ್ರರಿ ಬದಲಾದಾಗ ಆಟ ಮುರಿಯದಂತೆ ನೋಡಿಕೊಳ್ಳುವುದೂ ಅವರೇ. ಆಟ ಬರೆದವರು ಕೈಬಿಟ್ಟು ಎಷ್ಟೋ ವರ್ಷವಾದ ಮೇಲೂ ಅದು ಹೊಸ ಡೆಬಿಯನ್ನಿನಲ್ಲಿ ತೆರೆದುಕೊಳ್ಳುತ್ತದೆಂದರೆ ಅದರ ಹಿಂದೆ ಇಂಥ ಯಾರೋ ಒಬ್ಬರಿದ್ದಾರೆ.

ಕರ್ನಾಟಕಕ್ಕೆ ಈ ಗಾಳಿ ಬೀಸಿದ್ದು ಬೇಗನೆ. ಲಿನಕ್ಸ್ ಬೆಂಗಳೂರು ಸಮ್ಮೇಳನ 2001ರಲ್ಲಿ ಶುರುವಾಗಿ, ಆಮೇಲೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರೊಳಗಿದ್ದದ್ದೂ ಲಿನಕ್ಸೇ. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದನ್ನು ಗುರುತಿಸುವ ಸಂವೇದಕವೂ ಅದರಲ್ಲಿತ್ತು, ಸ್ಮಾರ್ಟ್‌ಫೋನು ಮನೆಮಾತಾಗುವುದಕ್ಕೆ ಮೊದಲೇ. ಕೇಂದ್ರದ ಸಿ-ಡ್ಯಾಕ್ ಡೆಬಿಯನ್ ಆಧರಿಸಿ ಬಾಸ್ ಲಿನಕ್ಸ್ ಕಟ್ಟಿತು, ಶಾಲೆಗಳಿಗೆಂದೇ ಎಡುಬಾಸ್ ಹೊರತಂದಿತು.

ಶಾಲೆಗಳ ಮಟ್ಟಿಗೆ ಹೇಳಬೇಕಾದ ಹೆಸರು ಬೆಂಗಳೂರಿನ ಐಟಿ ಫಾರ್ ಚೇಂಜ್. ಆ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿ.ಎಸ್.ಇ.ಆರ್.ಟಿ.) ಜೊತೆಗೂಡಿ 2011ರಿಂದ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು, ಮೇಡಂಗಳು ಉಬುಂಟು ಬಳಸಲು ಕಲಿತರು. ಕಲಿಕೆಯ ತಂತ್ರಾಂಶಗಳನ್ನೆಲ್ಲ ಮೊದಲೇ ತುಂಬಿ ಸಿದ್ಧಪಡಿಸಿದ ಉಬುಂಟು ಕೊಟ್ಟಿದ್ದರಿಂದ ಒಂದೊಂದು ಆಟಕ್ಕೂ ಇಂಟರ್‌ನೆಟ್ ಹುಡುಕಬೇಕಾದ ಕಷ್ಟ ತಪ್ಪಿತು. ಕೇರಳ ಇನ್ನೂ ಮುಂದೆ ಹೋಯಿತು. ಅಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, ಈಗಿನ ಕೈಟ್, ರಾಜ್ಯದ ಶಾಲೆಗಳಿಗೆಲ್ಲ ಒಂದೇ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ; ಐಟಿ ಪಠ್ಯಪುಸ್ತಕ ಅದಕ್ಕೇ ಹೊಂದಿಕೊಂಡಿರುತ್ತದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪುಸ್ತಕ ಕನ್ನಡದಲ್ಲಿದೆ. ಯಾವ ಡಿಸ್ಟ್ರೊದಲ್ಲಿ ಓಡುತ್ತದೆ ಎಂಬ ಪ್ರಶ್ನೆಯನ್ನೇ ಕೇರಳ ಈ ಉಪಾಯದಿಂದ ಬಗೆಹರಿಸಿಕೊಂಡಿತು. ನಮ್ಮಲ್ಲಿ ತರಬೇತಿಗೆ ಬಂದ ಉಬುಂಟು ಪ್ರತಿ ಶಾಲೆಯ ಪ್ರತಿ ಯಂತ್ರದಲ್ಲಿ ನೆಲೆಯೂರಲಿಲ್ಲ, ಆದ್ದರಿಂದ ಪ್ರಶ್ನೆ ಇನ್ನೂ ಹಾಗೇ ಇದೆ.

ಇನ್ನು ಅಕ್ಷರದ ವಿಷಯ. ‘ವಿದ್ಯಾರ್ಥಿ’ ಎಂಬ ಪದ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಇದು ಹತ್ತು ಸಂಕೇತಗಳ ಸಾಲು. ಸಾಲಿನಲ್ಲಿ ರಕಾರ ಥಕಾರಕ್ಕಿಂತ ಮೊದಲು ಬರುತ್ತದೆ. ಪರದೆಯ ಮೇಲೆ ಅದು ಅರ್ಕಾವೊತ್ತಾಗಿ ಥಿಯ ನಂತರ ಕೂರಬೇಕು. ದಕಾರದ ಕೆಳಗೆ ಯ-ಒತ್ತು ಇಳಿಯಬೇಕು, ದೀರ್ಘ ಆ ದಕಾರಕ್ಕೇ ಸೇರಬೇಕು. ಸಂಕೇತಗಳನ್ನು ಓದಿ ಫಾಂಟಿನೊಳಗಿನ ನಿಯಮದಂತೆ ಹೀಗೆ ಜೋಡಿಸುವ ಕೆಲಸವನ್ನು ಬೇರೆಯದೇ ಲೈಬ್ರರಿ ಮಾಡಬೇಕು. ಹಿಂದೆ ಅದನ್ನು ಪ್ಯಾಂಗೊ ಮಾಡುತ್ತಿತ್ತು, ಈಗ ಬಹುಪಾಲು ಕಡೆ ಹಾರ್ಫ್‌ಬಜ್ ಮಾಡುತ್ತದೆ. ಡೆಸ್ಕ್‌ಟಾಪಿನ ಕಡತ, ಮೆನುಗಳಿಗೆಲ್ಲ ಈ ಸೌಲಭ್ಯ ಸಿಕ್ಕಿ ಬಹಳ ಕಾಲವಾಯಿತು. ರೆಡ್ ಹ್ಯಾಟ್ ಕೊಟ್ಟ ಲೋಹಿತ್, ಆಮೇಲೆ ಬಂದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ನಿನಲ್ಲೇ ಇವೆ.

ಆಟಗಳು ಹಿಂದುಳಿದದ್ದು ಇಲ್ಲೇ. ಬಹಳಷ್ಟು ಆಟಗಳು ಡೆಸ್ಕ್‌ಟಾಪಿನ ಅಕ್ಷರ ವ್ಯವಸ್ಥೆಯನ್ನು ಬಳಸುವುದಿಲ್ಲ. ತಮ್ಮದೇ ಫಾಂಟು ಹೊತ್ತು ತಂದು ಒಂದೊಂದೇ ಅಕ್ಷರವನ್ನು ಚಿತ್ರದಂತೆ ಬಿಡಿಸುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡ ಹಾಕಿದರೆ ಎರಡು ಬಗೆಯ ತೊಡಕು ಬರುತ್ತದೆ. ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಸಾಲುಸಾಲು ಡಬ್ಬ. ಫಾಂಟ್ ಇದ್ದು ಜೋಡಿಸುವವರಿಲ್ಲದಿದ್ದರೆ ‘ವಿದ್ಯಾರ್ಥಿ’ ಬಿಡಿಬಿಡಿಯಾಗಿ, ಅರ್ಧ ದ, ಒಂಟಿ ಯ, ಅರ್ಧ ರ, ತೇಲುವ ಗುಡಿಸು ಆಗಿ ನಿಲ್ಲುತ್ತದೆ. ಎರಡನೆಯದು ಹೆಚ್ಚು ಕೆಡುಕಿನದು, ಏಕೆಂದರೆ ಆಗತಾನೇ ಓದು ಕಲಿಯುತ್ತಿರುವ ಮಗು ಅದನ್ನೇ ಸರಿ ಎಂದುಕೊಳ್ಳುತ್ತದೆ.

ಟಕ್ಸ್ ಪೇಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಕನ್ನಡ ಅನುವಾದವಿದೆ. ಅಕ್ಷರ ಜೋಡಿಸಲು ಅದು ಎಸ್‌ಡಿಎಲ್ ಮತ್ತು ಪ್ಯಾಂಗೊ ನಡುವೆ ಸೇತುವೆಯಾಗಿದ್ದ ಎಸ್‌ಡಿಎಲ್-ಪ್ಯಾಂಗೊ ಎಂಬ ಪುಟ್ಟ ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಆ ಲೈಬ್ರರಿಯ ಬೆಳವಣಿಗೆ ಬಹಳ ಬೇಗ ನಿಂತುಹೋಯಿತು. ಮುಂದೆ ಡಿಸ್ಟ್ರೊಗಳು ತಂತಮ್ಮ ತೇಪೆ ಹಾಕಿಕೊಂಡು ಅದನ್ನು ಬದುಕಿಸಿದವು. ಅದನ್ನು ಸೇರಿಸದೆ ಟಕ್ಸ್ ಪೇಂಟ್ ಕಟ್ಟಿದರೂ ಪ್ರೋಗ್ರಾಂ ತೆರೆದುಕೊಳ್ಳುತ್ತದೆ, ಬಣ್ಣ ಬಳಿಯಬಹುದು, ಕನ್ನಡ ಮಾತ್ರ ಚೆದುರುತ್ತದೆ. ಎಸ್‌ಡಿಎಲ್‌ನ ಎರಡನೆಯ ಪೀಳಿಗೆ 2013ರಲ್ಲಿ ಬಂದ ಮೇಲೆ ಟಕ್ಸ್ ಪೇಂಟ್ ಅದಕ್ಕೆ ಬದಲಾಗಲು ಎಷ್ಟೋ ವರ್ಷ ಹಿಡಿಯಿತು. ಈ ಸೇತುವೆಯನ್ನೂ ಹೊಸದಾಗಿ ಕಟ್ಟಬೇಕಾಯಿತು. ಈಗ ಎಸ್‌ಡಿಎಲ್‌ನ ಅಕ್ಷರ ಲೈಬ್ರರಿಯನ್ನೇ ಹಾರ್ಫ್‌ಬಜ್ ಸೇರಿಸಿ ಕಟ್ಟಬಹುದು. 2023ರ ಮಾರ್ಚಿನಲ್ಲಿ ಬಂದ ಗೊಡಾಟ್ 4 ಎಂಬ ಆಟದ ಎಂಜಿನ್ನಿನಲ್ಲಿ ಹಾರ್ಫ್‌ಬಜ್ ಮೊದಲಿನಿಂದಲೇ ಇದೆ. ಕನ್ನಡದಲ್ಲಿ ಹೊಸ ಆಟ ಮಾಡಹೊರಟವರಿಗೆ ಇದಕ್ಕಿಂತ ದೊಡ್ಡ ಸಹಾಯ ಈ ದಶಕದಲ್ಲಿ ಸಿಕ್ಕಿಲ್ಲ.

ಡಿಸ್ಟ್ರೊಗಳ ಗೋಡೆ ದಾಟುವ ಪ್ರಯತ್ನಗಳು ಇನ್ನೊಂದು ಕಡೆ ನಡೆದಿದ್ದವು. ಎಲ್ಲಕ್ಕೂ ಅಡ್ಡ ಬರುವುದು ಜಿ-ಲಿಬ್-ಸಿ ಎಂಬ ತಳಪಾಯದ ಲೈಬ್ರರಿ. ಹಳೆಯದರ ಮೇಲೆ ಕಟ್ಟಿದ ಆಟ ಹೊಸದರಲ್ಲಿ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಓಡುವುದಿಲ್ಲ. ಉಬುಂಟು 22.04ರಲ್ಲಿ ಇರುವುದು ಅದರ 2.35ನೆಯ ಆವೃತ್ತಿ, 20.04ರಲ್ಲಿ 2.31. ಮೊದಲನೆಯದರಲ್ಲಿ ಕಟ್ಟಿದ ಪ್ರೋಗ್ರಾಮನ್ನು ಎರಡನೆಯದಕ್ಕೆ ಒಯ್ದರೆ ‘2.34 ಸಿಗಲಿಲ್ಲ’ ಎಂಬ ಸಾಲು ಬಂದು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಅನುಭವಸ್ಥರು ಆಟವನ್ನು ಬೇಕೆಂದೇ ಹಳೆಯ ಡಿಸ್ಟ್ರೊದಲ್ಲಿ ಕಟ್ಟುತ್ತಾರೆ. ಆಪ್‌ಇಮೇಜ್ ನಡೆದದ್ದು ಈ ದಾರಿಯಲ್ಲಿ: ನೆಂಟರ ಊರಿಗೆ ಹೊರಟವರು ಅಕ್ಕಿಬೇಳೆ, ಪಾತ್ರೆಪಡಗ ಎಲ್ಲ ಕಟ್ಟಿಕೊಂಡಂತೆ ಆಟ ತನಗೆ ಬೇಕಾದ ಬಹುಪಾಲು ಲೈಬ್ರರಿಗಳನ್ನು ಒಂದೇ ಕಡತದಲ್ಲಿ ಹೊತ್ತು ಬರುತ್ತದೆ. ಪೆನ್‌ಡ್ರೈವಿನಲ್ಲಿ ತಂದು, ಓಡಿಸುವ ಅನುಮತಿ ಕೊಟ್ಟು ಕ್ಲಿಕ್ ಮಾಡಿದರಾಯಿತು. ಇಷ್ಟಾದರೂ ಉಬುಂಟು 22.04ರಲ್ಲಿ ಅನೇಕ ಆಪ್‌ಇಮೇಜ್‌ಗಳು ತೆರೆಯಲಿಲ್ಲ. ಅವಕ್ಕೆ ಬೇಕಿದ್ದ ಫ್ಯೂಸ್ ಲೈಬ್ರರಿಯ ಹಳೆಯ ಆವೃತ್ತಿಯನ್ನು ಉಬುಂಟು ತಾನಾಗಿ ಹಾಕುವುದನ್ನು ನಿಲ್ಲಿಸಿತ್ತು.

ಕ್ಯಾನೊನಿಕಲ್ ಕಂಪನಿಯ ಸ್ನ್ಯಾಪ್, ಗ್ನೋಮ್ ವಲಯದಿಂದ ಬಂದ ಫ್ಲ್ಯಾಟ್‌ಪ್ಯಾಕ್ ಎರಡೂ 2016ರ ಹೊತ್ತಿಗೆ ಬಳಕೆಗೆ ಬಂದವು. ಫ್ಲ್ಯಾಟ್‌ಪ್ಯಾಕ್‌ನಲ್ಲಿ ಹಲವು ಆಟಗಳು ಹಂಚಿಕೊಳ್ಳುವ ರನ್‌ಟೈಮ್ ಇರುತ್ತದೆ, ಯಾವ ಡಿಸ್ಟ್ರೊ ಆದರೂ ಅದೇ. ಉಪಾಯ ಒಳ್ಳೆಯದು. ಆದರೆ ಮೊದಲ ಆಟ ಹಾಕುವಾಗ ಆ ರನ್‌ಟೈಮಿಗೇ ನೂರಾರು ಎಂಬಿ ಇಳಿಸಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ಹಳ್ಳಿ ಶಾಲೆಗೆ ಅದು ಭಾರವೇ. ಬೆಂಗಳೂರಿನಲ್ಲಿ ಕೂತವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಳೆಯ ಯಂತ್ರಗಳ ಪಾಡು ಬೇರೆ. ಸೂಪರ್‌ಟಕ್ಸ್‌ಕಾರ್ಟ್ ಎಂಬ ಗಾಡಿ ಓಟದ ಆಟ 2015ರ 0.9 ಆವೃತ್ತಿಯಲ್ಲಿ ಹೊಸ ಚಿತ್ರ ಎಂಜಿನ್ ತಂದಿತು. ಅದಕ್ಕೆ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯ 3.1ನೆಯ ಆವೃತ್ತಿ ಬೇಕು. 2011ಕ್ಕೆ ಹಿಂದಿನ ಇಂಟೆಲ್ ಚಿಪ್ಪುಗಳು 2.1ಕ್ಕೇ ನಿಲ್ಲುತ್ತವೆ, ಅವುಗಳಲ್ಲಿ ಸೊಬಗು ಕಡಿಮೆ ಮಾಡಿದ ರೂಪವೇ ಗತಿ. 2000ದಲ್ಲಿ ಬ್ರೂನೋ ಕುದ್ವಾ ಆರಂಭಿಸಿದ, ಮಕ್ಕಳ ಕಲಿಕೆಯ ಆಟಗಳ ಕಂತೆಯಾದ ಜಿಕಾಂಪ್ರಿ 2014ರಿಂದ ಕ್ಯೂಟಿ ಎಂಬ ಲೈಬ್ರರಿಗೆ ಬದಲಾಗಿ ಮೊಬೈಲಿಗೂ ಬಂತು. ಅದೇ ಬದಲಾವಣೆಯಿಂದ ಗ್ರಾಫಿಕ್ಸ್ ಬಲವಿಲ್ಲದ ಕಂಪ್ಯೂಟರುಗಳಲ್ಲಿ ತಡವರಿಸಿತು. ಆಮೇಲೆ ತಂಡದವರು ಪ್ರೊಸೆಸರ್ ಒಂದರಿಂದಲೇ ಚಿತ್ರ ಬಿಡಿಸುವ ಆಯ್ಕೆಯನ್ನು ಸೇರಿಸಿದರು. ಇಂಥ ಚಿಕ್ಕ ಆಯ್ಕೆಯೊಂದರಿಂದ ಮೂಲೆ ಸೇರಿದ ಯಂತ್ರ ಮತ್ತೆ ಮಕ್ಕಳ ಕೈಗೆ ಬರುತ್ತದೆ. 32 ಬಿಟ್ ಯಂತ್ರಗಳಿಗೆ ಮಾತ್ರ ದಾರಿ ಮುಚ್ಚುತ್ತಿದೆ: ಉಬುಂಟು ಮೊದಲೇ ಬಿಟ್ಟಿತ್ತು, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲೂ ಅವಕ್ಕೆ ಇನ್‌ಸ್ಟಾಲರ್ ಇಲ್ಲ.

ಇಷ್ಟೆಲ್ಲ ಇರುವಾಗ ನಮ್ಮಂಥ ಊರಿನ ಕೊಠಡಿಗೆ ಏನು ಹೊಂದುತ್ತದೆ? ಎಲ್ಲ ಯಂತ್ರಗಳಿಗೂ ಒಂದೇ ಡಿಸ್ಟ್ರೊದ ಒಂದೇ ಆವೃತ್ತಿ, ಆಟಗಳೆಲ್ಲ ಅದರದೇ ಪ್ಯಾಕೇಜುಗಳಿಂದ. ಒಂದು ಯಂತ್ರಕ್ಕೆ ಇಳಿಸಿದ ಪ್ಯಾಕೇಜು ಆಪ್ಟ್‌ನ ಸಂಗ್ರಹದಲ್ಲಿ ಉಳಿದಿದ್ದರೆ ಅದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಉಳಿದವುಗಳಿಗೆ ಹಾಕಬಹುದು. ಡೇಟಾ ಒಂದೇ ಸಲ ಖರ್ಚಾಗುತ್ತದೆ. ಡಿಸ್ಟ್ರೊದಲ್ಲಿ ಸಿಗದ ಒಂದೆರಡು ಆಟಕ್ಕೆ ಮಾತ್ರ ಆಪ್‌ಇಮೇಜ್ ಅಥವಾ ಫ್ಲ್ಯಾಟ್‌ಪ್ಯಾಕ್.

ಕನ್ನಡ ಚೆದುರಿದರೆ ಸುಮ್ಮನಿರದೆ ಆಟದ ತಂಡಕ್ಕೆ ತಿಳಿಸಬೇಕು. ಡಿಸ್ಟ್ರೊದ ಹೆಸರು, ಆವೃತ್ತಿ, ಆಟ ಬಂದದ್ದು ಯಾವ ದಾರಿಯಿಂದ ಎಂದು ಬರೆದು, ಪರದೆಯ ಚಿತ್ರ ಸೇರಿಸಬೇಕು. ಆ ಚಿತ್ರದ ಪಕ್ಕದಲ್ಲೇ ಅದೇ ಪದದ ಸರಿಯಾದ ರೂಪವನ್ನೂ ಇಡಬೇಕು. ಕೋಡು ಬರೆದವರಿಗೆ ಕನ್ನಡ ಓದಲು ಬರುವುದಿಲ್ಲ. ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಅರ್ಕಾವೊತ್ತು ಎಲ್ಲಿ ಕೂರಬೇಕಿತ್ತು ಎನ್ನುವುದು ಅವರಿಗೆ ಗೊತ್ತಾಗುವುದು.