ವೈರಿಗೆ ಕೊಟ್ಟ ಗೋಲ್‌ಕೀಪರ್

1995ರ ಡಿಸೆಂಬರ್ 2, ಶನಿವಾರ ರಾತ್ರಿ. ಕೆನಡಾದ ಮಾಂಟ್ರಿಯಲ್ ನಗರದ ಫೋರಂ ಕ್ರೀಡಾಂಗಣ. ಊರಿನ ತಂಡ ಕೆನೇಡಿಯನ್ಸ್‌ಗೆ ಎದುರಾಗಿ ಅಮೆರಿಕದ ಡೆಟ್ರಾಯಿಟ್ ರೆಡ್ ವಿಂಗ್ಸ್ ಆಡ್ತಾ ಇದೆ. ಗೋಲಿನ ಮೇಲೆ ಗೋಲು ಬೀಳ್ತಾ ಇದೆ. ಅಷ್ಟರಲ್ಲಿ ಕೆನೇಡಿಯನ್ಸ್ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಒಂದು ಸಲೀಸಾದ ಹೊಡೆತವನ್ನು ತಡೆದ. ಗ್ಯಾಲರಿಯಿಂದ ಜೋರಾಗಿ ಚಪ್ಪಾಳೆ ಬಿತ್ತು. ಅದು ಮೆಚ್ಚಿ ಹೊಡೆದ ಚಪ್ಪಾಳೆ ಅಲ್ಲ, ಲೇವಡಿ. ರುವಾ ಎರಡೂ ಕೈ ಮೇಲೆತ್ತಿ, ಕಪ್ ಗೆದ್ದವನ ಹಾಗೆ ನಿಂತ. ಲೇವಡಿಗೆ ಲೇವಡಿಯಿಂದಲೇ ಉತ್ತರ.

ಒಂಬತ್ತನೇ ಗೋಲು ಬಿದ್ದ ಮೇಲೆ ಕೋಚ್ ಮಾರಿಯೋ ಟ್ರಾಂಬ್ಲೆ ಅವನನ್ನು ಹೊರಗೆ ಕರೆಸಿಕೊಂಡ. ರುವಾ ಬೆಂಚಿಗೆ ಬಂದ, ಕೋಚ್ ಮುಂದೆ ಹಾದುಹೋದ, ಮತ್ತೆ ತಿರುಗಿ ಬಂದು ಬೆಂಚಿನ ಹಿಂದಿನ ಸಾಲಿನಲ್ಲಿ ಕೂತಿದ್ದ ತಂಡದ ಅಧ್ಯಕ್ಷ ರೊನಾಲ್ಡ್ ಕೋರಿ ಹತ್ತಿರ ಬಗ್ಗಿ, ಮಾಂಟ್ರಿಯಲ್‌ನಲ್ಲಿ ಇದೇ ನನ್ನ ಕೊನೆಯ ಪಂದ್ಯ ಅಂತ ಹೇಳಿದ. ಕೆನೇಡಿಯನ್ಸ್ 11-1ರಿಂದ ಸೋತಿತು. ನಾಲ್ಕು ದಿನ ಕಳೆಯೋದರೊಳಗೆ ರುವಾ ಕೊಲೊರಾಡೊ ಅವಲಾಂಚ್ ತಂಡದ ಆಟಗಾರನಾಗಿದ್ದ.

ನಮಗೆ ಹಾಕಿ ಅಂದ್ರೆ ಕೊಡಗು. ಆದರೆ ಇದು ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತೆ. ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್. ಅದರಲ್ಲಿ ಸೀಸನ್ ನಡುವೆಯೇ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಬಹುದು, ಅದಕ್ಕೇ ಟ್ರೇಡ್ ಅನ್ನೋದು. ಟ್ರೇಡ್ ಆದಾಗ ಏನಾಗುತ್ತೆ ಅಂತ ಐಪಿಎಲ್ ನೋಡುವವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಕೊನೆಯಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಹೋದ. ಮುಂದಿನ ಸೀಸನ್‌ನಲ್ಲಿ ವಾಂಖೆಡೆಯ ಜನ ತಮ್ಮದೇ ಕ್ಯಾಪ್ಟನ್‌ಗೆ ಹೂಯ್ ಅಂತ ಕೂಗಿದ್ದನ್ನು ನಾವೆಲ್ಲ ನೋಡಿದ್ದೀವಿ. ರುವಾ ಕಥೆ ಅದಕ್ಕಿಂತ ಹಳೆಯದು, ಮತ್ತು ಇದರಲ್ಲಿ ಒಂದಲ್ಲ, ಎರಡು ಊರುಗಳ ನೋವಿದೆ.

ಮೊದಲು ರುವಾ ಯಾರು ಅಂತ ನೋಡೋಣ. 1986ರಲ್ಲಿ, ಬರೀ 20ನೇ ವಯಸ್ಸಿನಲ್ಲಿ, ಮಾಂಟ್ರಿಯಲ್‌ಗೆ ಸ್ಟ್ಯಾನ್ಲಿ ಕಪ್ ತಂದುಕೊಟ್ಟವನು. ಆ ವರ್ಷ ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಸಿಗುವ ಕಾನ್ ಸ್ಮೈತ್ ಟ್ರೋಫಿಯೂ ಅವನಿಗೇ ಬಂತು. 1993ರಲ್ಲಿ ಇನ್ನೊಂದು ಕಪ್, ಇನ್ನೊಂದು ಕಾನ್ ಸ್ಮೈತ್. ಆ ಸಲದ ಪ್ಲೇಆಫ್‌ನಲ್ಲಿ ಓವರ್‌ಟೈಮ್‌ಗೆ ಹೋದ 10 ಪಂದ್ಯಗಳನ್ನು ಮಾಂಟ್ರಿಯಲ್ ಒಂದರ ಹಿಂದೆ ಒಂದರಂತೆ ಗೆದ್ದಿತ್ತು. ಓವರ್‌ಟೈಮ್ ಅಂದ್ರೆ ಯಾರು ಮೊದಲು ಗೋಲು ಹೊಡೀತಾರೋ ಅವರದೇ ಪಂದ್ಯ. ಗೋಲ್‌ಕೀಪರ್ ಒಮ್ಮೆ ಎಡವಿದರೆ ಮುಗೀತು. ಅಂಥಾ 10 ಪಂದ್ಯಗಳಲ್ಲಿ ಅವನು ಎಡವಲಿಲ್ಲ. ಜನ ಅವನನ್ನು ಸೇಂಟ್ ಪ್ಯಾಟ್ರಿಕ್ ಅಂತ ಕರೀತಿದ್ದರು.

ಮಾಂಟ್ರಿಯಲ್‌ನ ಫ್ರೆಂಚ್ ಮಾತಾಡುವ ಜನಕ್ಕೆ ಕೆನೇಡಿಯನ್ಸ್ ಅಂದ್ರೆ ಬರೀ ಒಂದು ಕ್ಲಬ್ ಅಲ್ಲ. 1955ರಲ್ಲಿ ಅವರ ಮೆಚ್ಚಿನ ಮಾರಿಸ್ ರಿಷಾರ್‌ನನ್ನು ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಇಡೀ ಪ್ಲೇಆಫ್‌ನಿಂದ ಅಮಾನತು ಮಾಡಿದಾಗ, ಮಾರ್ಚ್ 17ರ ರಾತ್ರಿ ಊರಿನಲ್ಲಿ ಗಲಭೆಯೇ ಆಯ್ತು. ಇಂಗ್ಲಿಷ್ ಅಧಿಕಾರಿಯೊಬ್ಬ ನಮ್ಮವನಿಗೆ ಅನ್ಯಾಯ ಮಾಡಿದ ಅನ್ನುವ ಸಿಟ್ಟು ಅದರ ಹಿಂದೆ ಇತ್ತು. ರುವಾ ಕೈ ಎತ್ತುವ ಐದು ವಾರ ಮುಂಚೆ, 1995ರ ಅಕ್ಟೋಬರ್ 30ರಂದು, ಕೆನಡಾದಿಂದ ಬೇರೆಯಾಗಬೇಕೋ ಬೇಡವೋ ಅಂತ ಕ್ವಿಬೆಕ್ ಪ್ರಾಂತ್ಯ ಮತ ಹಾಕಿತ್ತು. ಬೇಡ ಅಂದವರು ಶೇ. 50.58, ಬೇಕು ಅಂದವರು ಶೇ. 49.42. ಪ್ರಾಂತ್ಯ ಸರಿಯಾಗಿ ಅರ್ಧಕ್ಕೆ ಸೀಳಿದ ಹಾಗಿತ್ತು. ಆ ಚಳಿಗಾಲದಲ್ಲಿ ಗೋಲ್‌ಕೀಪರ್ ವಿಷಯಕ್ಕೂ ಮನೆಮನೆಯಲ್ಲಿ ಜಗಳ ಆಗಿದ್ದರೆ ಆಶ್ಚರ್ಯವೇನಿಲ್ಲ.

ಈಗ ಎರಡನೇ ಊರಿಗೆ ಬರೋಣ. ಮಾಂಟ್ರಿಯಲ್‌ನಿಂದ ಸುಮಾರು 250 ಕಿ.ಮೀ. ದೂರದಲ್ಲಿ ಪ್ರಾಂತ್ಯದ ರಾಜಧಾನಿ ಕ್ವಿಬೆಕ್ ಸಿಟಿ ಇದೆ. ಅಲ್ಲಿನ ತಂಡ ನಾರ್ಡೀಕ್ಸ್. ಎರಡೂ ಕಡೆ ಫ್ರೆಂಚ್ ಜನ, ಎರಡೂ ಕಡೆ ಹಾಕಿ ಹುಚ್ಚು, ನಡುವೆ ಬಿಯರ್ ಕಂಪನಿಗಳ ಪೈಪೋಟಿ ಬೇರೆ. 80ರ ದಶಕದಲ್ಲಿ ಮಾಂಟ್ರಿಯಲ್ ತಂಡದ ಹಿಂದೆ ಮೋಲ್ಸನ್ ಇದ್ದರೆ ನಾರ್ಡೀಕ್ಸ್ ಹಿಂದೆ ಕಾರ್ಲಿಂಗ್ ಓಕೀಫ್. ಯಾವ ಬಿಯರ್ ಕುಡೀತೀಯ ಅಂತ ಗೊತ್ತಾದರೆ ಯಾವ ತಂಡದವನು ಅಂತಲೂ ಗೊತ್ತಾಗೋ ಕಾಲ. 1984ರ ಗುಡ್ ಫ್ರೈಡೇ ದಿನ ಈ ಎರಡು ತಂಡಗಳು ಮಂಜಿನ ಮೇಲೆ ಎಷ್ಟು ಬಡಿದಾಡಿಕೊಂಡವು ಅಂದ್ರೆ, ಒಂದೇ ಪಂದ್ಯದಲ್ಲಿ 250 ನಿಮಿಷಕ್ಕೂ ಹೆಚ್ಚು ಪೆನಾಲ್ಟಿ ಬಿತ್ತು.

ಇಷ್ಟೆಲ್ಲ ಆದ ಮೇಲೂ ರುವಾ ಹುಟ್ಟೂರು ಯಾವುದು ಅಂತೀರಿ? ಕ್ವಿಬೆಕ್ ಸಿಟಿ! ಅಲ್ಲಿ ಹುಟ್ಟಿ ಬೆಳೆದ ಹುಡುಗನನ್ನು 1984ರ ಡ್ರಾಫ್ಟ್‌ನಲ್ಲಿ ಮಾಂಟ್ರಿಯಲ್ ಎತ್ತಿಕೊಂಡಿತ್ತು. 1993ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ನಾರ್ಡೀಕ್ಸ್ ಮೊದಲ ಎರಡು ಪಂದ್ಯ ಗೆದ್ದು ಬೀಗುತ್ತಿದ್ದಾಗ, ಮುಂದಿನ ನಾಲ್ಕನ್ನೂ ಗೆದ್ದು ಅವರನ್ನು ಮನೆಗೆ ಕಳಿಸಿದ ಮಾಂಟ್ರಿಯಲ್ ತಂಡದ ಗೋಲಿನಲ್ಲಿ ನಿಂತಿದ್ದವನೂ ಇದೇ ಊರಿನ ಮಗ.

ನಾರ್ಡೀಕ್ಸ್‌ಗೆ ದುಡ್ಡಿನ ಕಷ್ಟ ಇತ್ತು. ಟಿಕೆಟ್ ಹಣ ಕೆನಡಾ ಡಾಲರ್‌ನಲ್ಲಿ ಬರುತ್ತಿತ್ತು, ಆಟಗಾರರ ಸಂಬಳವನ್ನು ಅಮೆರಿಕದ ಡಾಲರ್‌ನಲ್ಲಿ ಕೊಡಬೇಕಿತ್ತು. ಊರು ಚಿಕ್ಕದು, ಕ್ರೀಡಾಂಗಣ ಹಳೆಯದು, ಸರ್ಕಾರದಿಂದ ಮಾಲೀಕರು ಕೇಳಿದಷ್ಟು ನೆರವು ಸಿಗಲಿಲ್ಲ. 1995ರ ಬೇಸಿಗೆಯಲ್ಲಿ ತಂಡ 7.5 ಕೋಟಿ ಅಮೆರಿಕನ್ ಡಾಲರ್‌ಗೆ ಮಾರಾಟವಾಗಿ ಡೆನ್ವರ್‌ಗೆ ಹೋಯ್ತು. ಅಲ್ಲಿ ಅದರ ಹೆಸರು ಕೊಲೊರಾಡೊ ಅವಲಾಂಚ್. ಅಂದರೆ ಮಾಂಟ್ರಿಯಲ್ ತನ್ನ ಗೋಲ್‌ಕೀಪರ್‌ನನ್ನು ಕೊಟ್ಟಿದ್ದು ಆರು ತಿಂಗಳ ಹಿಂದಿನವರೆಗೂ ತನ್ನ ಬದ್ಧವೈರಿಯಾಗಿದ್ದ ತಂಡಕ್ಕೇ. ಇನ್ನೊಂದು ಮಾತು: ಆ ತಂಡದ ಮ್ಯಾನೇಜರ್ ಪಿಯೆರ್ ಲಕ್ರುವಾ ಅದಕ್ಕೂ ಮುಂಚೆ ರುವಾನ ಏಜೆಂಟ್ ಆಗಿದ್ದವನು. ಕೊಳ್ಳುವವನಿಗೆ ಮಾಲು ಚೆನ್ನಾಗಿ ಗೊತ್ತಿತ್ತು.

ಮಾರುವವನ ಕಥೆ ಬೇರೆ. ಅಕ್ಟೋಬರ್‌ನಲ್ಲಿ ಸೀಸನ್ ಕೆಟ್ಟದಾಗಿ ಶುರುವಾಯ್ತು ಅಂತ ಕೋರಿ ಹಳೆಯ ಮ್ಯಾನೇಜರ್, ಹಳೆಯ ಕೋಚ್ ಇಬ್ಬರನ್ನೂ ತೆಗೆದುಹಾಕಿದ್ದ. ಹೊಸದಾಗಿ ಬಂದ ಮ್ಯಾನೇಜರ್ ರೆಜಾನ್ ಹೂಲ್, ಕೋಚ್ ಟ್ರಾಂಬ್ಲೆ ಇಬ್ಬರೂ ತಂಡದ ಹಳೆಯ ಆಟಗಾರರು. ಎನ್‌ಎಚ್‌ಎಲ್‌ನಲ್ಲಿ ಆ ಕುರ್ಚಿಗಳಲ್ಲಿ ಕೂತ ಅನುಭವ ಇಬ್ಬರಿಗೂ ಇರಲಿಲ್ಲ. ಡಿಸೆಂಬರ್ 6ರಂದು ರುವಾ ಜೊತೆ ಕ್ಯಾಪ್ಟನ್ ಮೈಕ್ ಕೀನ್‌ನನ್ನೂ ಕೊಟ್ಟು, ಗೋಲ್‌ಕೀಪರ್ ಜೋಸ್ಲಿನ್ ತಿಬೋ, ಮಾರ್ಟಿನ್ ರುಚಿನ್‌ಸ್ಕಿ, ಆಂಡ್ರೇ ಕೊವಲೆಂಕೊ ಈ ಮೂವರನ್ನು ತೆಗೆದುಕೊಂಡರು.

ಈ ಟ್ರೇಡ್ ಬಗ್ಗೆ ವಾದ ಮಾಡುವವರನ್ನು ಮೂರು ಗುಂಪು ಮಾಡಬಹುದು. ತಂಡಕ್ಕಿಂತ ಯಾರೂ ದೊಡ್ಡವರಲ್ಲ, ಎಲ್ಲರ ಮುಂದೆ ಅಧ್ಯಕ್ಷರ ಹತ್ತಿರ ಹೋಗಿ ಹಾಗೆ ಹೇಳಿದವನನ್ನು ಇಟ್ಟುಕೊಳ್ಳೋಕೆ ಆಗುತ್ತಾ ಅನ್ನೋದು ಮೊದಲ ಗುಂಪು. ತಪ್ಪು ಟ್ರಾಂಬ್ಲೆಯದು, ಐದಾರು ಗೋಲು ಬಿದ್ದಾಗಲೇ ಹೊರಗೆ ಕರೆಸಬೇಕಿತ್ತು, ಬೇಕಂತಲೇ ನಿಲ್ಲಿಸಿ ಮರ್ಯಾದೆ ತೆಗೆದ ಅನ್ನೋದು ಎರಡನೆಯದು. ಮೂರನೆಯದು ಲೆಕ್ಕದ ಗುಂಪು. ಮಾರೋದಾದರೆ ಮಾರಿ, ಆದರೆ ಮನೆಗೆ ಬೆಂಕಿ ಬಿದ್ದವರ ಹಾಗೆ ನಾಲ್ಕೇ ದಿನದಲ್ಲಿ ಯಾಕೆ? ಮಾಲು ಕೊಡಲೇಬೇಕು ಅಂತ ಊರಿಗೆಲ್ಲ ಗೊತ್ತಾದ ಮೇಲೆ ಒಳ್ಳೆ ಬೆಲೆ ಯಾರು ಕೊಡ್ತಾರೆ? ಬಾಸ್ ಮೇಲಿನ ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿದವರನ್ನು ಆಫೀಸಿನಲ್ಲಿ ನೋಡಿದವರಿಗೆ ಈ ಮೂರೂ ವಾದ ಪರಿಚಿತವೇ.

ಫಲಿತಾಂಶ ನೋಡಿದರೆ ಮೂರನೇ ಗುಂಪು ಗೆದ್ದ ಹಾಗೆ ಕಾಣುತ್ತೆ. ಆ ಸೀಸನ್‌ನಲ್ಲಿ ಡೆಟ್ರಾಯಿಟ್ 62 ಪಂದ್ಯ ಗೆದ್ದು ಆಗಿನ ದಾಖಲೆ ಮಾಡಿತ್ತು. ಅದೇ ಡೆಟ್ರಾಯಿಟ್ ತಂಡವನ್ನು ಪ್ಲೇಆಫ್‌ನಲ್ಲಿ ಅವಲಾಂಚ್ ಸೋಲಿಸಿತು. 1996ರ ಜೂನ್‌ನಲ್ಲಿ ಫ್ಲೋರಿಡಾ ವಿರುದ್ಧದ ಫೈನಲ್‌ನ ಕೊನೆಯ ಪಂದ್ಯ ಮೂರನೇ ಓವರ್‌ಟೈಮ್‌ಗೆ ಹೋಯ್ತು. ರುವಾ 63 ಹೊಡೆತ ತಡೆದ, ಒಂದೂ ಒಳಗೆ ಬಿಡಲಿಲ್ಲ. 1-0, ಕಪ್ ಡೆನ್ವರ್‌ಗೆ. 2001ರಲ್ಲಿ ಮತ್ತೊಂದು ಕಪ್, ಜೊತೆಗೆ ಅವನ ಮೂರನೇ ಕಾನ್ ಸ್ಮೈತ್. ಇತ್ತ ಮಾಂಟ್ರಿಯಲ್ 1999ರಿಂದ 2001ರವರೆಗೆ ಸತತ ಮೂರು ವರ್ಷ ಪ್ಲೇಆಫ್‌ಗೇ ಹೋಗಲಿಲ್ಲ. 1993ರ ಕಪ್ ಆದ ಮೇಲೆ 2025ರವರೆಗೆ ಇನ್ನೊಂದು ಕಪ್ ಬಂದಿಲ್ಲ.

ಪಾಪ ಅನಿಸೋದು ತಿಬೋ ಬಗ್ಗೆ. ಅವನು ಮಾಂಟ್ರಿಯಲ್‌ನಲ್ಲೇ ಹುಟ್ಟಿದ ಹುಡುಗ, ಆಗ ಇನ್ನೂ 20 ವರ್ಷ. ಎನ್‌ಎಚ್‌ಎಲ್‌ನಲ್ಲಿ 500ಕ್ಕೂ ಹೆಚ್ಚು ಪಂದ್ಯ ಆಡಿದವನನ್ನು ಕೆಟ್ಟ ಗೋಲ್‌ಕೀಪರ್ ಅನ್ನೋಕೆ ಆಗಲ್ಲ. ಆದರೆ ಮಾಂಟ್ರಿಯಲ್‌ನಲ್ಲಿ ಅವನನ್ನು ಅಳೆಯೋಕೆ ಇದ್ದ ಅಳತೆಗೋಲು ಒಂದೇ, ರುವಾ. ಮೂರು ವರ್ಷ ಕಳೆದ ಮೇಲೆ, 1998ರಲ್ಲಿ, ಅವನನ್ನೂ ಶಿಕಾಗೋಗೆ ಕೊಟ್ಟು ಅಲ್ಲಿನ ಗೋಲ್‌ಕೀಪರ್ ಜೆಫ್ ಹ್ಯಾಕೆಟ್‌ನನ್ನು ಕರೆತಂದರು.

ಆದರೆ ಫಲಿತಾಂಶ ಹಿಡಿದುಕೊಂಡು ಮಾಡುವ ಈ ಲೆಕ್ಕದಲ್ಲಿ ಎರಡು ವಿಷಯ ಬಿಟ್ಟುಹೋಗುತ್ತೆ.

ಒಂದು, ನಾರ್ಡೀಕ್ಸ್ ಇನ್ನೂ ಕ್ವಿಬೆಕ್ ಸಿಟಿಯಲ್ಲೇ ಇದ್ದಿದ್ದರೆ ಈ ಟ್ರೇಡ್ ಆಗುತ್ತಲೇ ಇರಲಿಲ್ಲ ಅಂತ ನನಗೆ ಅನಿಸುತ್ತೆ. 250 ಕಿ.ಮೀ. ದೂರದ ವೈರಿಗೆ ರುವಾನನ್ನು ಕೊಟ್ಟು ಹೂಲ್ ಮಾಂಟ್ರಿಯಲ್‌ನ ಬೀದಿಯಲ್ಲಿ ಹೇಗೆ ಓಡಾಡೋದು? 2,500 ಕಿ.ಮೀ.ಗೂ ದೂರದ ಡೆನ್ವರ್‌ಗೆ ಆದರೆ ಕೊಡಬಹುದು. ಆಟಗಾರರು ಅವರೇ, ಮ್ಯಾನೇಜರ್ ಅವನೇ. ಊರು ಬದಲಾದ ಕೂಡಲೇ ವೈರಿ ಬರೀ ಗಿರಾಕಿ ಆಗಿಬಿಟ್ಟ. ವೈರತ್ವ ಇದ್ದದ್ದು ಜೆರ್ಸಿಯಲ್ಲಿ ಅಲ್ಲ, ಆ ಎರಡು ಊರುಗಳ ನಡುವಿನ ರಸ್ತೆಯಲ್ಲಿ. ಈಗ ಕ್ವಿಬೆಕ್ ಸಿಟಿಯ ಅಭಿಮಾನಿಯ ಸ್ಥಿತಿ ಯೋಚಿಸಿ. ವರ್ಷಗಟ್ಟಲೆ ಪಾಯಿಂಟ್ಸ್ ಪಟ್ಟಿಯ ತಳದಲ್ಲಿದ್ದ ತಂಡವನ್ನು ಸಾಕಿ ಬೆಳೆಸಿದ. ತಂಡ ಹೋಯ್ತು. ಒಂದೇ ವರ್ಷದಲ್ಲಿ ಅದು ಪರ ಊರಿಗೆ ಕಪ್ ಗೆದ್ದುಕೊಟ್ಟಿತು. ಅದೂ ತನ್ನೂರಿನ ಮಗನೇ ಗೋಲಿನಲ್ಲಿ ನಿಂತು! ಯಾರು ಗೆದ್ದರು, ಯಾರು ಸೋತರು ಅನ್ನುವ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ.

ಎರಡನೆಯದು ಆ ಚಪ್ಪಾಳೆ. ಕೋಚ್ ಹಟ, ಅಧ್ಯಕ್ಷರ ಮುನಿಸು, ಮ್ಯಾನೇಜರ್ ಅವಸರ, ರುವಾನ ಅಹಂ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದೀವಿ. ಆದರೆ ಎರಡು ಕಪ್ ತಂದುಕೊಟ್ಟವನಿಗೆ, ಅವನ ಜೀವನದ ಅತಿ ಕೆಟ್ಟ ರಾತ್ರಿ, ಅವನದೇ ಊರಿನ ಜನ ಹೊಡೆದ ಲೇವಡಿ ಚಪ್ಪಾಳೆಯನ್ನು ಯಾರ ಖಾತೆಗೆ ಬರೆಯೋದು? ಟ್ರೇಡ್ ಬಗ್ಗೆ ಮಾತಾಡುವಾಗ ನಾವು ಯಾವತ್ತೂ ಗ್ಯಾಲರಿಯಲ್ಲಿ ಕೂತು ತೀರ್ಪು ಕೊಡುವವರು. ನಾವೂ ಆ ಪಂದ್ಯದಲ್ಲಿ ಇದ್ದೆವು ಅನ್ನೋದು ನೆನಪಿಗೆ ಬರಲ್ಲ. ಅಪ್ಪಟ ಆರ್‌ಸಿಬಿ ಅಭಿಮಾನಿಯಾಗಿ ಈ ಮಾತು ನನಗೂ ಅನ್ವಯಿಸುತ್ತೆ. ನಾನು ಬೈದು ಕಳಿಸಿದವರು ಬೇರೆ ತಂಡಕ್ಕೆ ಹೋಗಿ ಮಿಂಚಿದಾಗ ನಾನು ಬೈದದ್ದು ಮ್ಯಾನೇಜ್‌ಮೆಂಟನ್ನೇ.

2008ರ ನವೆಂಬರ್ 22ರಂದು ಮಾಂಟ್ರಿಯಲ್ ತಂಡ ರುವಾನ 33ನೇ ನಂಬರ್ ಜೆರ್ಸಿಯನ್ನು ನಿವೃತ್ತಿಗೊಳಿಸಿತು. ಇನ್ನು ಮುಂದೆ ಆ ತಂಡದಲ್ಲಿ ಆ ನಂಬರ್ ಯಾರಿಗೂ ಇಲ್ಲ. ಫೋರಂ ಮುಚ್ಚಿ ಆಗಲೇ 12 ವರ್ಷ ಆಗಿತ್ತು, ಕಾರ್ಯಕ್ರಮ ನಡೆದದ್ದು ಹೊಸ ಕ್ರೀಡಾಂಗಣದಲ್ಲಿ. ರುವಾ ಮಂಜಿನ ಮೇಲೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹದಿಮೂರು ವರ್ಷ ತಡವಾಗಿ ಬಂದ ಆ ಚಪ್ಪಾಳೆಯಲ್ಲಿ ಲೇವಡಿ ಇರಲಿಲ್ಲ.